ಕ್ಲಚ್ ಪೈಪಿನೊಳಗಿನ ಬಿಲ್ಲೆ

"ಗುರುಗಳೇ, ನೀವು ಕೊಟ್ಟ ನಿಯಮವನ್ನು ಇನ್ನು ಬಿಡಬಹುದೇ?" ಎಂದು ಶಿಷ್ಯ ಕೇಳಿದ.

ಯಾವ ನಿಯಮ ಎಂದು ಗುರುಗಳು ಕೇಳಬೇಕಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಮಠಕ್ಕೆ ಬಂದಾಗ ಈ ಶಿಷ್ಯನಿಗೆ ಮೂಗಿನ ತುದಿಯಲ್ಲೇ ಕೋಪ. ಯಾರು ಮಾತಾಡಿಸಿದರೂ ಮೂರು ಸಲ ಉಸಿರೆಳೆದು ಬಿಟ್ಟು, ಆಮೇಲೆ ಉತ್ತರ ಕೊಡು ಎಂದು ಗುರುಗಳು ಹೇಳಿದ್ದರು. ಅವನು ಒಂದು ದಿನವೂ ಅದನ್ನು ತಪ್ಪಿಸಿರಲಿಲ್ಲ.

"ಈಗ ಏನಾಯಿತು?"

ಶಿಷ್ಯ ಮೂರು ಉಸಿರು ಮುಗಿಸಿ ಹೇಳಿದ, "ನಿನ್ನೆ ಮಠದ ಬಾಗಿಲ ಬಳಿ ಹೂ ಮಾರುವ ನೀಲವ್ವ ಬಂದಿದ್ದಳು. ಗಂಡ ಆಸ್ಪತ್ರೆಯಲ್ಲಿದ್ದಾನೆ. 'ಉಳೀತಾನಲ್ರೀ?' ಎಂದು ಕೇಳಿದಳು. ನಾನು ಉಸಿರು ಎಣಿಸುತ್ತಾ ನಿಂತೆ. ಮೂರನೆಯದು ಮುಗಿಯುವಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು ಹೊರಟೇ ಹೋದಳು. ಈ ನಿಯಮದಿಂದಾಗಿ ಅವಳಿಗೆ ಒಂದು ಸಮಾಧಾನದ ಮಾತೂ ಸಿಗಲಿಲ್ಲ. ನಿಯಮವೇ ಸರಿಯಿಲ್ಲ ಅನಿಸುತ್ತದೆ."

ಗುರುಗಳು ಕತೆ ಹೇಳತೊಡಗಿದರು.

ಹೆದ್ದಾರಿಯ ಪಕ್ಕದ ಗ್ಯಾರೇಜಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಗಾಗುತ್ತಲೇ ನೀನು ಅವನ ಕಾಲಿಗೆ ಬೀಳಲು ಹೊರಡುತ್ತೀಯ, ಪಾಪ, ಅವನ ಕೆಲಸ ಕೆಡುತ್ತದೆ. ಮಠದ ಜೀಪು ಕೆಟ್ಟಿತೆಂದು ನಾನು ಎರಡು ದಿನ ಅವನ ಬೆಂಚಿನ ಮೇಲೆ ಕೂತಿದ್ದೆ. ಹಾಗಾಗಿ ಇದರಲ್ಲಿ ಹೆಚ್ಚು ಪಾಲು ನಾನು ಕಣ್ಣಾರೆ ಕಂಡದ್ದು.

ಅಲ್ಲಿಗೆ ಒಬ್ಬ ಚಾಲಕ ಬಂದ. ಮೂವತ್ತು ವರ್ಷ ಗಾಜು ಸಾಗಿಸಿದವನು. ಅಂಗಡಿಗಳ ಮುಂಭಾಗಕ್ಕೆ ಹಾಕುತ್ತಾರಲ್ಲ, ಅಂಥ ಆಳೆತ್ತರದ ಗಾಜಿನ ಹಾಳೆಗಳು. ಗೇರ್ ಬದಲಿಸುವಾಗ ಲಾರಿ ಒಮ್ಮೆ ಜಗ್ಗಿದರೆ ಸಾಕು, ಹಿಂದೆ ಒಂದು ಹಾಳೆ ಸೀಳುತ್ತದೆ. ಹಾಗಾಗಿ ಗಾಜಿನ ಲಾರಿಯನ್ನು ಕಂಡಕಂಡವರಿಗೆ ಕೊಡುವುದಿಲ್ಲ. ಕ್ಲಚ್ ತುಳಿದ ಎಡಗಾಲು ಏಳುವುದೂ ಎಕ್ಸಲರೇಟರಿನ ಮೇಲೆ ಬಲಗಾಲು ಇಳಿಯುವುದೂ ಒಟ್ಟೊಟ್ಟಿಗೇ ಆಗಬೇಕು. ಈ ಮನುಷ್ಯ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಓಡಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಲಾರಿಯಲ್ಲಿ ಒಡೆದ ಹಾಳೆಗಳನ್ನು ಎರಡು ಕೈ ಬೆರಳುಗಳಲ್ಲಿ ಲೆಕ್ಕ ಹಾಕಬಹುದಿತ್ತು.

ಮಾಲೀಕ ಮೆಚ್ಚಿಕೊಂಡು ಅವನಿಗೆಂದೇ ಹೊಸ ಲಾರಿ ತಂದ. ಅದರ ಮೊದಲ ಟ್ರಿಪ್ಪಿನಲ್ಲೇ ಮೂರು ಹಾಳೆ ಒಡೆದವು. ಎರಡನೆಯ ಸಲ ಐದು. ಲಾರಿ ಹೊಸದು, ಪಳಪಳ ಹೊಳೆಯುತ್ತಿದೆ. ಅದರ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಸಂಶಯವೆಲ್ಲ ಮನುಷ್ಯನ ಮೇಲೆ ಬಂತು, ಅವನು ಹಳಬನಲ್ಲವೇ! ಇನ್ನೊಂದು ಟ್ರಿಪ್ ನೋಡೋಣ, ಆಗಲೂ ಒಡೆದರೆ ಬೀಗದ ಕೈ ಕೊಟ್ಟು ಮನೆಯಲ್ಲಿರು ಎಂದು ಮಾಲೀಕ ಹೇಳಿದ.

ನನಗೆ ಸಂಕಟವಾದದ್ದು ಇದಕ್ಕಲ್ಲ. ಆ ಚಾಲಕ ತಾನೂ ಅದನ್ನು ನಂಬಿಬಿಟ್ಟಿದ್ದ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದ. ಪಾದಕ್ಕೆ ಕರಿದಾರ ಕಟ್ಟಿಸಿಕೊಂಡಿದ್ದ. ಪೆಡಲನ್ನು ತೀರ ನಿಧಾನವಾಗಿ ಬಿಟ್ಟು ನೋಡಿದ್ದ. ಏರಿನಲ್ಲಿ ಲಾರಿ ಏದುಸಿರು ಬಿಟ್ಟು ನಿಂತು, ಕ್ಲಚ್ ಸುಟ್ಟ ವಾಸನೆ ಬಂದಿತ್ತು. ಎರಡು ಗ್ಯಾರೇಜುಗಳಲ್ಲಿ ಕ್ಲಚ್ ಪ್ಲೇಟ್ ಬಿಚ್ಚಿ ನೋಡಿ, ಹೊಸದು, ಏನೂ ಆಗಿಲ್ಲ ಎಂದು ಮುಚ್ಚಿ ಕಳಿಸಿದ್ದರು. ಕೊನೆಗೆ ಈ ಮೇಸ್ತ್ರಿಯ ಮುಂದೆ ಬಂದು ನಿಂತಾಗ ಅವನು ಗಾಡಿಯ ಮಾತನ್ನೇ ಎತ್ತಲಿಲ್ಲ.

"ಮೇಸ್ತ್ರಿ, ನನ್ನ ಎಡಗಾಲು ಕೈಕೊಟ್ಟೈತಿ. ನೀವರ ಒಮ್ಮೆ ನೋಡ್ರಿ," ಎಂದ.

ಕಾಲು ನೋಡಲು ನಾನೇನು ಡಾಕ್ಟರೇ ಎಂದು ಮೇಸ್ತ್ರಿ ನಗಬಹುದಿತ್ತು. ನಗಲಿಲ್ಲ. ಸ್ಪ್ಯಾನರನ್ನೂ ಮುಟ್ಟಲಿಲ್ಲ. ಒಂದು ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ, ಕ್ಯಾಬಿನ್ನಿನಲ್ಲಿ ಇಂಜಿನ್ ಮುಚ್ಚಳದ ಮೇಲೆ ಇಟ್ಟ. ತಾನು ಚಾಲಕನ ಪಕ್ಕದಲ್ಲಿ ಕೆಳಗೆ ಕುಕ್ಕರಗಾಲಲ್ಲಿ ಕೂತು, ಅವನ ಎಡಪಾದದ ಮೇಲೆ ತನ್ನ ಅಂಗೈ ಇಟ್ಟ. ಬೆಂಚಿನ ಮೇಲೆ ಬೇಸರದಿಂದ ಕೂತಿದ್ದ ನನ್ನನ್ನೂ ಹತ್ತಿಸಿಕೊಂಡ. ಮಠದವರು ಜೊತೆಗಿದ್ದರೆ ಪೊಲೀಸರು ತಡೆಯುವುದಿಲ್ಲ ಎಂದು ಅವನ ಎಣಿಕೆ ಇರಬೇಕು.

ಪಕ್ಕದ ರಸ್ತೆಯಲ್ಲಿ ಎರಡು ಮೈಲಿ ಹೋಗಿ ಬಂದೆವು. ಮೇಸ್ತ್ರಿಯ ಕಣ್ಣು ಲೋಟದ ಮೇಲೆ, ಕೈ ಪಾದದ ಮೇಲೆ. ಪಾದ ಎದ್ದಾಗ ನೀರು ಅಲುಗುತ್ತಿರಲಿಲ್ಲ. ಪಾದ ಎದ್ದು, ಚಿಟಿಕೆ ಹೊಡೆಯುವಷ್ಟು ಹೊತ್ತು ಕಳೆದ ಮೇಲೆ ತುಳುಕುತ್ತಿತ್ತು. ಪ್ರತಿ ಗೇರಿಗೂ ಹಾಗೆಯೇ.

"ಅಣ್ಣಾರ, ನಿಮ್ಮ ಕಾಲಿಗೆ ಏನೂ ಆಗಿಲ್ಲ," ಎಂದ ಮೇಸ್ತ್ರಿ. "ನಿಮ್ಮ ಕಾಲು ಹೇಳಿದ್ದು ಪ್ಲೇಟಿಗೆ ತಡಾ ಆಗಿ ಮುಟ್ಟಾಕತ್ತೈತಿ."

ನಾನು ದೊಡ್ಡ ದೊಡ್ಡ ಪಂಡಿತರ ಸಭೆಯಲ್ಲಿ ಕೂತವನು. ತರ್ಕ ಕೇಳಿದ್ದೇನೆ, ವಾದ ಕೇಳಿದ್ದೇನೆ. ಒಂದು ಲೋಟ ನೀರಿನಿಂದ ಇಷ್ಟು ಸ್ಪಷ್ಟವಾಗಿ ನಿಜ ಕಂಡುಹಿಡಿದದ್ದನ್ನು ಮಾತ್ರ ಅದೇ ಮೊದಲು ನೋಡಿದೆ. ಎಂಥ ಮನುಷ್ಯ!

ಆಮೇಲೆ ಮೇಸ್ತ್ರಿ ಲಾರಿಯ ಅಡಿ ಮಲಗಿದ. ಪೆಡಲಿನಿಂದ ಕ್ಲಚ್‌ವರೆಗೆ ಒಂದು ಪೈಪು ಇರುತ್ತದೆ, ಅದರ ತುಂಬ ಆಯಿಲ್. ತುಳಿದರೆ ಆಯಿಲ್ ಮುಂದೆ ಹೋಗಿ ಕ್ಲಚ್ಚನ್ನು ಬಿಡಿಸುತ್ತದೆ. ಕಾಲೆತ್ತಿದರೆ ಹಿಂದೆ ಬರುತ್ತದೆ, ಕ್ಲಚ್ ಹಿಡಿಯುತ್ತದೆ. ಮೇಸ್ತ್ರಿ ಆ ಪೈಪಿನ ಜೋಡಣೆ ಬಿಚ್ಚಿ ಒಳಗಿನಿಂದ ಒಂದು ಪುಟ್ಟ ಬಿಲ್ಲೆ ತೆಗೆದ. ಅದರ ನಡುವೆ ಸೂಜಿ ತೂರುವಷ್ಟು ತೂತು. ಹೋಗುವಾಗ ಆಯಿಲ್ ಬಿಲ್ಲೆಯನ್ನು ಸರಿಸಿಕೊಂಡು ಹೋಗುತ್ತಿತ್ತು. ಬರುವಾಗ ಆ ತೂತಿನಿಂದಲೇ ಬರಬೇಕಿತ್ತು. ಕಾಲು ಎಷ್ಟೇ ಚುರುಕಾಗಿ ಎದ್ದರೂ ಕ್ಲಚ್ ತನ್ನ ಪಾಡಿಗೆ ತಾನು ಸಾವಕಾಶವಾಗಿ ಹಿಡಿಯುತ್ತಿತ್ತು. ಅಷ್ಟರಲ್ಲಿ ಬಲಗಾಲು ಇಂಜಿನ್ನಿನ ವೇಗ ಏರಿಸಿಬಿಟ್ಟಿರುತ್ತಿತ್ತು. ಆಗ ಲಾರಿ ಜಗ್ಗುತ್ತಿತ್ತು.

ಬಿಲ್ಲೆ ಇಲ್ಲದೆ ಪೈಪನ್ನು ಮತ್ತೆ ಜೋಡಿಸಿದ. ಚಾಲಕನಿಂದಲೇ ಪೆಡಲ್ ತುಳಿಸುತ್ತಾ, ಪೈಪಿನಲ್ಲಿ ಸೇರಿದ ಗಾಳಿ ಗುಳುಗುಳು ಎಂದು ಪೂರ್ತಿ ಹೊರಡುವವರೆಗೆ ಆಯಿಲ್ ತುಂಬಿಸಿದ. ಲೋಟವನ್ನು ಮತ್ತೆ ಅಂಚಿನವರೆಗೆ ತುಂಬಿದ. ಅದೇ ಎರಡು ಮೈಲಿ ಹೋದೆವು. ಐದು ಗೇರುಗಳೂ ಬಿದ್ದವು, ಒಂದು ಹನಿ ಹೊರಗೆ ಬೀಳಲಿಲ್ಲ. ಚಾಲಕ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ, ತನ್ನ ಎಡಗಾಲನ್ನು ಎರಡೂ ಕೈಯಿಂದ ಸವರಿಕೊಂಡು ಅತ್ತ. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ.

ಕೆಳಗಿಳಿದವನೇ ಅವನು ಆ ಬಿಲ್ಲೆಯನ್ನು ಗಟಾರಕ್ಕೆ ಎಸೆಯಹೋದ. ಮೇಸ್ತ್ರಿ ಕೈ ಹಿಡಿದ.

"ಒಗೀಬ್ಯಾಡ್ರಿ. ಇದೇನು ಕೆಟ್ಟದ್ದಲ್ಲ. ಧಡಕ್ಕನ ಕಾಲು ಬಿಡೋರ ಗೇರ್‌ಬಾಕ್ಸ್ ಉಳೀಲಿ ಅಂತ ಕಂಪನಿಯವರು ಹಾಕಿದ್ದು. ನಾಳೆ ಈ ಗಾಡಿ ಬ್ಯಾರೆಯವರ ಕೈಗೆ ಹೋದ್ರ ತಿರುಗಿ ಹಾಕಸ್ರಿ."

ಮಾಲೀಕ ಹೇಳಿದ್ದ ಆ ಮೂರನೆಯ ಟ್ರಿಪ್ಪಿನಲ್ಲಿ ಒಂದು ಹಾಳೆಗೂ ಗೀರು ಬೀಳಲಿಲ್ಲ ಎಂದು ಆಮೇಲೆ ಕೇಳಿದೆ. ಮಾಲೀಕ ತಾನೇ ನಿಂತು ಒಂದೊಂದೇ ಹಾಳೆ ಇಳಿಸಿ ನೋಡಿದನಂತೆ. ನೋಡಿ, ಬೀಗದ ಕೈಯನ್ನು ಮತ್ತೆ ಚಾಲಕನ ಕೈಗೇ ಕೊಟ್ಟನಂತೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಇಂಥ ಸುದ್ದಿ ಢಾಬಾಗಳಲ್ಲಿ ಬೇಗ ಹರಡುತ್ತದೆ. ಬಿಲ್ಲೆ ತೆಗೆದ ಮರುದಿನವೇ ಇನ್ನೊಬ್ಬ ಚಾಲಕ ಬಂದ. ಅವನು ಇಟ್ಟಿಗೆ ಸಾಗಿಸುವವನು. ಇಳಿಯುವ ಮೊದಲೇ ಕಿಟಕಿಯಿಂದ ಕೂಗಿದ.

"ಮೇಸ್ತ್ರಿ, ಗಾಡಿ ಸರಿ ಇಲ್ರಿ. ಗೇರ್ ಹಾಕಿದ್ರ ಜಗ್ಗತೈತಿ, ಇಟ್ಟಿಗೆ ಎಲ್ಲಾ ಪುಡಿಪುಡಿ. ಅದೇನೋ ಬಿಲ್ಲೆ ಅಂತಲ್ಲ, ಕಿತ್ತು ಒಗೀರಿ."

ಮೇಸ್ತ್ರಿ ಅವನಿಗೂ ಲೋಟ ತುಂಬಿದ. ಅವನ ಪಾದದ ಮೇಲೂ ಕೈ ಇಟ್ಟು ಕೂತ. ಇಬ್ಬರಿಗೂ ಒಂದೇ ಪರೀಕ್ಷೆ, ಅದರಲ್ಲಿ ಅವನು ಒಂದಿಷ್ಟೂ ಹೆಚ್ಚುಕಡಿಮೆ ಮಾಡಲಿಲ್ಲ. ಲಾರಿ ಗ್ಯಾರೇಜಿನ ಅಂಗಳ ದಾಟಿರಲಿಲ್ಲ, ಲೋಟ ಉರುಳಿ ಮೇಸ್ತ್ರಿಯ ಅಂಗಿ ತೊಯ್ದುಹೋಯಿತು. ಅವನು ಮುಖ ಒರೆಸಿಕೊಂಡು, ಬೇಸರವಿಲ್ಲದೆ ಹೇಳಿದ.

"ತಮ್ಮಾ, ಆ ಬಿಲ್ಲೆ ಐತಿ ಅಂತ ನಿನ್ನ ಗೇರ್‌ಬಾಕ್ಸ್ ಇನ್ನೂ ಐತಿ. ಮೊದಲ ಕಾಲು ಕಲೀಲಿ. ಆವಾಗ ಬಾ, ನಾನಾ ತಗದು ಕೊಡ್ತೀನಿ."

ಅವನು ಮುಖ ಗಂಟಿಕ್ಕಿಕೊಂಡು ಬೇರೆ ಗ್ಯಾರೇಜು ಹುಡುಕಿಕೊಂಡು ಹೋದ. ಅಲ್ಲಿ ತೆಗೆದುಕೊಟ್ಟರೋ, ಇಲ್ಲವೋ, ನನಗೆ ತಿಳಿಯದು. ಅಷ್ಟರಲ್ಲಿ ನಮ್ಮ ಜೀಪು ರಿಪೇರಿಯಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ಗುರುಗಳೇ, ಹಾಗಾದರೆ ನನ್ನ ಮೂರು ಉಸಿರೂ ಅಂಥ ಬಿಲ್ಲೆಯೇ. ನಾಲ್ಕು ವರ್ಷ ಪಳಗಿದ್ದೇನೆ. ನಾನೂ ಆ ಮೊದಲನೆಯ ಚಾಲಕನ ಹಾಗೆಯೇ ಅಲ್ಲವೇ?"

"ಅವನು ಬಂದಾಗ, ತಪ್ಪು ತನ್ನ ಕಾಲಿನದೇ ಎಂದುಕೊಂಡು ಬಂದಿದ್ದ," ಎಂದರು ಗುರುಗಳು.

ಶಿಷ್ಯ ಒಂದು ಉಸಿರೆಳೆದು ಬಿಟ್ಟ, ಎರಡನೆಯದನ್ನು ಎಣಿಸತೊಡಗಿದ.