ನೀಲವ್ವನ ಹಲಗೆ

"ಅಪ್ಪಾವರೇ, ಇಷ್ಟು ವರ್ಷ ಜಪ ಮಾಡಿದೆ. ನನ್ನಲ್ಲಿ ಏನಾದರೂ ಉಳಿದಿದೆಯೇ?" ಎಂದು ಶಿಷ್ಯ ಮಹಾಲಿಂಗ ಗುರುಗಳನ್ನು ಕೇಳಿದ.

ಅವನ ಬಟ್ಟೆಗಂಟು ಆಗಲೇ ಮಠದ ಬಾಗಿಲ ಬಳಿ ಇತ್ತು. ಹಿಂದಿನ ದಿನ ಅಡುಗೆಮನೆಯಲ್ಲಿ ಸಾರು ಚೆಲ್ಲಿದವನ ಮೇಲೆ ರೇಗಿ ಅವನು ಕೈ ಎತ್ತಿದ್ದ. ಹೊಡೆಯಲಿಲ್ಲ, ಆದರೆ ಎತ್ತಿದ್ದೇ ಸಾಕಾಯಿತು. ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂದು ಊರಿಗೆ ಹೊರಟು ನಿಂತಿದ್ದ.

ಗುರುಗಳು ಗಂಟನ್ನು ನೋಡಿದರು. "ಹೊರಟವನಿಗೆ ಉತ್ತರ ಯಾಕಪ್ಪ? ಇರಲಿ, ಕೂತುಕೋ. ಕೇಳಿಕೊಂಡೇ ಹೋಗು," ಎಂದು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಗಾಳಿ ಮಳೆಗೆ ಯಾವ ಮರೆಯೂ ಇಲ್ಲದ ದಿಬ್ಬದ ಮೇಲೆ ಮನೆ ಕಟ್ಟಿದ. ಹೆಂಡತಿಯ ಹೆಸರು ನೀಲವ್ವ. ಅವಳಿಗೆ ಓದು ಬರುತ್ತಿರಲಿಲ್ಲ. ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ ತಟ್ಟೆಯಲ್ಲಿ ಅಕ್ಕಿ ಹರಡಿ, ಅವಳ ಬೆರಳು ಹಿಡಿದು, ಅವಳ ಹೆಸರನ್ನೇ ತಿದ್ದಿಸಿದ. ಅವಳು ಕಲಿತ ಓದು ಅದೊಂದೇ. ಆಮೇಲೆ ಆ ಹೆಸರನ್ನು ಸಾಗುವಾನಿ ಹಲಗೆಯ ಮೇಲೆ ಬರೆದು ಬಾಗಿಲ ಮೇಲೆ ಹಾಕಲು ಹೊರಟ. ಹೆಂಡತಿಯ ಹೆಸರು ಹೇಳಲು ಗಂಡಸರು ನಾಚುತ್ತಿದ್ದ ಕಾಲ ಅದು. ಇವನು ಬೋರ್ಡನ್ನೇ ಬರೆದ!

ಬಡಗಿ ಬುದ್ಧಿ ಹೇಳಿದ. "ಹಲಗೆಗೆ ಹಿಂದೆ ಮುಂದೆ ಪೂರ್ತಿ ಬಣ್ಣ ಹಚ್ಚಣ್ಣ. ಇಲ್ಲದಿದ್ದರೆ ಬಿಸಿಲು ಮಳೆ ತಿಂದುಹಾಕುತ್ತವೆ."

"ಹಲಗೆ ಏನಾದರೂ ಆಗಲಿ, ಹೆಸರು ಉಳಿದರೆ ಸಾಕು," ಎಂದ ನೇಕಾರ. ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸಿ ಅಕ್ಷರಗಳಿಗೆ ಮಾತ್ರ ದಪ್ಪಗೆ ಹಚ್ಚಿದ. ಸುತ್ತಲಿನ ಮರವನ್ನು ಬರಿಮೈಯಲ್ಲೇ ಬಿಟ್ಟ, ಹುಚ್ಚಪ್ಪ!

ಪ್ರತಿ ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಅದೇ ಅಕ್ಷರಗಳ ಮೇಲೆ ಮತ್ತೆ ಕುಂಚ ಆಡಿಸುತ್ತಿದ್ದ. ಮುಂದಿನ ಹಬ್ಬದ ಹೊತ್ತಿಗೆ ಬಣ್ಣ ಮಾಸಿರುತ್ತಿತ್ತು. ಮತ್ತೆ ಹಚ್ಚುತ್ತಿದ್ದ. ಹೀಗೆಯೇ ಪ್ರಾಯ ಕಳೆಯಿತು.

ಮುಪ್ಪಿನಲ್ಲಿ ನೀಲವ್ವನ ಕಣ್ಣು ಹೋದವು. ಇವನ ಕೈ ನಡುಗತೊಡಗಿತು, ಏಣಿ ಹತ್ತಲಾಗಲಿಲ್ಲ. ಬಣ್ಣ ಪೂರ್ತಿ ಹೋಯಿತು. ಹಬ್ಬ ಬಂದಾಗೆಲ್ಲ ನೀಲವ್ವ, "ರೀ, ನನ್ನ ಹೆಸರು ಇದೆಯೇನು?" ಎಂದು ಕೇಳುತ್ತಿದ್ದಳು. "ಇದೆ, ಲಕ್ಷಣವಾಗಿದೆ," ಎನ್ನುತ್ತಿದ್ದ. ಕಣ್ಣಿಲ್ಲದವಳಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಒಳಗೇ ಬೇಯುತ್ತಿದ್ದ. ಗೊತ್ತಾದರೆ ಅವಳು ತನ್ನ ಯಾವ ಮಾತನ್ನೂ ಇನ್ನು ನಂಬಲಾರಳು ಎಂಬ ಭಯ ಅವನಿಗೆ.

ಒಂದು ಮಧ್ಯಾಹ್ನ ಜೋರು ಗಾಳಿಗೆ ಹಲಗೆ ಕಳಚಿ ಅಂಗಳಕ್ಕೆ ಬಿತ್ತು. ಸದ್ದು ಕೇಳಿ ನೀಲವ್ವ ಗೋಡೆ ಹಿಡಿದುಕೊಂಡು ಬಂದಳು. ತಡಕಾಡಿ ಹಲಗೆಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ನೇಕಾರ ಗಡಬಡಿಸಿ ಹತ್ತಿರ ಬಂದ. "ಕೊಡು ಇಲ್ಲಿ," ಎಂದು ಕೈ ಚಾಚಿದ. ಅವಳು ಕೊಡಲಿಲ್ಲ. ಅವಳ ಬೆರಳು ಹಲಗೆಯ ಮೇಲೆ ಹರಿಯಿತು. ಒಂದು ಕಡೆ ನಿಂತಿತು. ಆಮೇಲೆ ಸುತ್ತು ಹಾಕಿ ಮೇಲೇರಿತು. ಹಿಂದೆ ಅಕ್ಕಿಯಲ್ಲಿ ತಿದ್ದಿದ ದಾರಿಯಲ್ಲೇ ನಡೆಯಿತು.

"ಇದೆ ರೀ," ಎಂದಳು. "ಕೆತ್ತಿಸಿದಿರೇನು?"

ಅವನು ಬಗ್ಗಿ ಮುಟ್ಟಿದ. ಅಬ್ಬಾ! ಬಣ್ಣ ಕಾಯ್ದ ಕಡೆ ಮರ ಇದ್ದ ಹಾಗೇ ಇತ್ತು. ಬರಿಮೈ ಮರವನ್ನೆಲ್ಲ ಬಿಸಿಲು ಮಳೆ ಸವೆಸಿ ತಗ್ಗು ಮಾಡಿದ್ದವು. ಬಣ್ಣದ ಗುರುತೂ ಇರಲಿಲ್ಲ. ಉಳಿ ಮುಟ್ಟದ ಮರದಲ್ಲಿ ನೀಲವ್ವನ ಹೆಸರು ತಾನಾಗಿ ಎದ್ದು ನಿಂತಿತ್ತು. ನೇಕಾರ ಅವಳ ಪಕ್ಕದಲ್ಲೇ ಕೂತು ಅತ್ತುಬಿಟ್ಟ.

"ನೆನೆದಾಗೆಲ್ಲ ನನಗೆ ಮೈ ಜುಂ ಎನ್ನುತ್ತದೆ," ಎಂದು ಗುರುಗಳು ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲ ಬಳಿಯ ಗಂಟಿನ ಕಡೆ ತಿರುಗಿದರು.

"ಬಣ್ಣ ಹೋಯಿತೆಂದು ಗಂಟು ಕಟ್ಟಿದ್ದೀಯೆ. ಹಾಗಾದರೆ ನಿನ್ನೆ ಎತ್ತಿದ ಕೈ ಬೀಳದಂತೆ ತಡೆದದ್ದು ಏನು ತಮ್ಮಾ?"

ಮಹಾಲಿಂಗ ತನ್ನ ಕೈಯನ್ನೇ ನೋಡುತ್ತ ಕೂತ.