ಓದದೆ ಬರೆದ ನಲವತ್ತು ಮೆಚ್ಚುಗೆ

"ಸರ್, ಯಾರದೋ ವೆಬ್‌ಸೈಟಿನ ಒಂದು ಮೂಲೆಯಲ್ಲಿ ನಮ್ಮ ಲಿಂಕ್ ಇಟ್ಟು ಬಂದರೆ ಯಾರಿಗೆ ನಷ್ಟ?"

ಹೀಗೆ ಕೇಳಿದವಳು ನಾಗವೇಣಿ. ಗದಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಗುರುಗಳಿಗೆ ಅವಳು ಹಳೆಯ ಶಿಷ್ಯೆ. ಈಗ ಅಂಗಡಿಗಳಿಗೆ, ಗಿರಣಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಒಂದು ಎಣ್ಣೆ ಗಿರಣಿಯವರು, ಹುಡುಕಿದವರಿಗೆ ತಮ್ಮ ಸೈಟೇ ಎಲ್ಲಕ್ಕಿಂತ ಮೊದಲು ಕಾಣಬೇಕು ಎಂದಿದ್ದರು. ಬೇರೆ ಸೈಟುಗಳು ಲಿಂಕ್ ಕೊಟ್ಟಷ್ಟೂ ಸರ್ಚ್ ಎಂಜಿನ್ ಒಂದು ಸೈಟನ್ನು ನಂಬಿ ಮೇಲೆ ತೋರಿಸುತ್ತದೆ. ಆದರೆ ಎಣ್ಣೆ ಗಿರಣಿಗೆ ತಾವಾಗಿ ಲಿಂಕ್ ಕೊಡುವವರು ಯಾರು? ಸಿಕ್ಕಸಿಕ್ಕ ಬ್ಲಾಗುಗಳಿಗೆ ಹೋಗಿ ಕಾಮೆಂಟ್ ಬರೆದು, ಅದರಲ್ಲಿ ಲಿಂಕ್ ಅಂಟಿಸಿ ಬರುವುದೆಂದು ಅವಳು ತೀರ್ಮಾನಿಸಿದ್ದಳು. ಸೋಮವಾರದಿಂದ ಕೆಲಸ ಶುರು.

ಗುರುಗಳು ಅಂದು ನಾಲ್ಕು ತರಗತಿ ಮುಗಿಸಿದ್ದರು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಬಾಗಲಕೋಟೆಯಲ್ಲಿ ಒಬ್ಬ ರೊಟ್ಟಿ ವ್ಯಾಪಾರಿ ಇದ್ದ. ಮಹಾರುದ್ರಪ್ಪ ಎಂದು ಹೆಸರು. ಅವನಲ್ಲಿ ಹನ್ನೊಂದು ಜನ ಹೆಂಗಸರು ಜೋಳದ ರೊಟ್ಟಿ ತಟ್ಟುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಎರಡನ್ನೂ ಪೆಟ್ಟಿಗೆಯಲ್ಲಿ ತುಂಬಿ ಕೇಳಿದ ಊರಿಗೆ ಕಳಿಸುತ್ತಿದ್ದ. ರೊಟ್ಟಿ ಚೆನ್ನಾಗಿತ್ತು. ಆದರೆ ಹುಡುಕಿದರೆ ಅವನ ಸೈಟ್ ಏಳನೆಯ ಪುಟದಲ್ಲಿ ಸಿಗುತ್ತಿತ್ತು. ಅಷ್ಟು ಹಿಂದಿನ ಪುಟದವರೆಗೆ ಯಾರೂ ಬರುವುದಿಲ್ಲ.

ವ್ಯಾಪಾರಿ ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡ. ಅವನ ಹೆಸರು ಪ್ರಲ್ಹಾದ. ಕೆಟ್ಟವನಲ್ಲ. ಹೇಳಿದ ಕೆಲಸವನ್ನು ಹೇಳಿದಂತೆ ಮಾಡುವವನು. ಅವನು ಮೆಚ್ಚುಗೆಯ ಆರು ವಾಕ್ಯಗಳನ್ನು ಬರೆದಿಟ್ಟುಕೊಂಡ. 'ಬಹಳ ಉಪಯುಕ್ತ ಮಾಹಿತಿ' ಎನ್ನುವುದು ಒಂದು. 'ಇಂಥ ಬರಹ ಇನ್ನಷ್ಟು ಬರಲಿ' ಎನ್ನುವುದು ಇನ್ನೊಂದು. ಉಳಿದವೂ ಹೀಗೆಯೇ. ದಿನಕ್ಕೆ ಅರವತ್ತು ಬ್ಲಾಗುಗಳಿಗೆ ಹೋಗಿ ಇವುಗಳಲ್ಲಿ ಒಂದನ್ನು ಅಂಟಿಸುತ್ತಿದ್ದ. ಹೆಸರು ಕೇಳಿದ ಕಡೆ 'ಕಡಕ್ ರೊಟ್ಟಿ' ಎಂದು ತುಂಬುತ್ತಿದ್ದ. ಆ ಹೆಸರನ್ನು ಒತ್ತಿದರೆ ವ್ಯಾಪಾರಿಯ ಸೈಟ್ ತೆರೆಯುತ್ತಿತ್ತು. ಮೇಲೆ ಏನು ಬರೆದಿದೆ ಎಂದು ಅವನು ಓದುತ್ತಿರಲಿಲ್ಲ. ಓದಿದರೆ ದಿನಕ್ಕೆ ಅರವತ್ತು ಆಗುತ್ತಿರಲಿಲ್ಲ. ಹೊಸ ಪುಟ ಬಂದ ಕಡೆಗೆಲ್ಲ ಹೋಗುತ್ತಿದ್ದ, ಹಿಂದೆ ಬರೆದದ್ದಕ್ಕೆ ಉತ್ತರ ಬಂದಿದೆಯೇ ಎಂದು ತಿರುಗಿ ನೋಡುತ್ತಿರಲಿಲ್ಲ.

ಎಂಟು ತಿಂಗಳಲ್ಲಿ ರೊಟ್ಟಿಯ ಸೈಟ್ ಮೊದಲನೆಯ ಪುಟಕ್ಕೆ ಬಂತು. ವ್ಯಾಪಾರಿ ಇನ್ನೂ ಆರು ಜನ ಹೆಂಗಸರನ್ನು ಕರೆದುಕೊಂಡ. ಎರಡು ವರ್ಷ ಎಲ್ಲವೂ ಸರಿಯಾಗಿತ್ತು.

ಮೂರನೆಯ ವರ್ಷ ಒಂದು ಬೆಳಿಗ್ಗೆ ಸೈಟ್ ಎಲ್ಲಿಯೂ ಇರಲಿಲ್ಲ. ಏಳನೆಯ ಪುಟದಲ್ಲಿಯೂ ಇಲ್ಲ, ಎಪ್ಪತ್ತನೆಯ ಪುಟದಲ್ಲಿಯೂ ಇಲ್ಲ. ಸರ್ಚ್ ಕಂಪನಿಯಿಂದ ಒಂದು ನೋಟಿಸ್ ಬಂದಿತ್ತು. ನಿಮಗೆ ಬಂದಿರುವ ಲಿಂಕುಗಳು ನೀವೇ ಇಟ್ಟುಕೊಂಡವು, ಅವುಗಳನ್ನು ತೆಗೆಸಿದ ಮೇಲೆ ಮತ್ತೆ ಅರ್ಜಿ ಹಾಕಿ, ಎಂದಿತ್ತು.

ವ್ಯಾಪಾರಿ ಪ್ರಲ್ಹಾದನನ್ನು ಕರೆದ. ಸಿಟ್ಟು ಮಾಡಲಿಲ್ಲ. ಒಲೆಯ ಕಡೆ ಕೈ ತೋರಿಸಿ, ಇಷ್ಟು ಜನಕ್ಕೆ ನಾಳೆಯಿಂದ ಏನು ಹೇಳಲಿ ಎಂದು ಕೇಳಿದ. ಪ್ರಲ್ಹಾದ ತಾನು ಲಿಂಕ್ ಇಟ್ಟ ಬ್ಲಾಗುಗಳ ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಇಟ್ಟವನು ನಾನೇ, ತೆಗೆಯುವವನೂ ನಾನೇ ಎಂದು ಹೇಳಿ ಬಂದ.

ಇಡುವುದಕ್ಕೆ ಅರ್ಧ ನಿಮಿಷ ಸಾಕಾಗಿತ್ತು. ತೆಗೆಸುವುದು ಹಾಗಲ್ಲ. ಪ್ರತಿಯೊಂದು ಸೈಟಿನ ಒಡೆಯ ಯಾರೆಂದು ಹುಡುಕಬೇಕು. ಅವರಿಗೆ ಪತ್ರ ಬರೆಯಬೇಕು. ಉತ್ತರಕ್ಕೆ ಕಾಯಬೇಕು. ಉತ್ತರ ಬಾರದಿದ್ದರೆ ಮತ್ತೆ ಬರೆಯಬೇಕು. ಕೆಲವರು ಬ್ಲಾಗು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಕೆಲವರು ಬೈದರು. ಬಹಳ ಜನ ಸುಮ್ಮನಿದ್ದರು. ಪ್ರಲ್ಹಾದ ದಿನವೂ ಅದೇ ಪತ್ರವನ್ನು ಬರೆದ. ಊಟದ ರುಚಿ ಹೋಯಿತು. ಮನೆಯಲ್ಲಿ ಮಾತು ಕಡಿಮೆಯಾಯಿತು. ತಾನು ಎರಡು ವರ್ಷ ಹಿಂದೆ ಅಂಟಿಸಿದ ಆರು ವಾಕ್ಯಗಳನ್ನೇ ಸಾವಿರಾರು ಸಲ ನೋಡಿ ನೋಡಿ, ಅಕ್ಷರ ಕಂಡರೆ ಬೇಸರ ಬರುವಂತಾಯಿತು.

ಪಟ್ಟಿಯಲ್ಲಿ ಒಂದು ಬ್ಲಾಗು ಇತ್ತು. ಅದರಲ್ಲಿ ನಲವತ್ತು ಪುಟ. ನಲವತ್ತರಲ್ಲಿಯೂ ಅವನ ಕಾಮೆಂಟ್. ಅದನ್ನು ನಡೆಸುತ್ತಿದ್ದವಳು ಗಜೇಂದ್ರಗಡದ ಆಚೆಯ ಒಂದು ಊರಿನ ಅಂಗನವಾಡಿ ಶಿಕ್ಷಕಿ. ನೀಲಗಂಗವ್ವ ಎಂದು ಹೆಸರು. ಪ್ರಲ್ಹಾದ ಎಲ್ಲರಿಗೂ ಕಳಿಸುವ ಪತ್ರವನ್ನು ಅವಳಿಗೂ ಕಳಿಸಿದ. ಮರುದಿನವೇ ಉತ್ತರ ಬಂತು. ಅಳಿಸುವುದು ಹೇಗೆಂದು ನನಗೆ ಗೊತ್ತಿಲ್ಲ, ಗೊತ್ತಿರುವವರು ಬಂದು ಅಳಿಸಿಕೊಂಡು ಹೋಗಬಹುದು, ಭಾನುವಾರ ಮನೆಯಲ್ಲಿ ಇರುತ್ತೇನೆ, ಎಂದು ಬರೆದಿದ್ದಳು.

ನಲವತ್ತು ಲಿಂಕ್ ಒಂದೇ ಸಲಕ್ಕೆ ತೆಗೆದಂತಾಗುತ್ತದೆ ಎಂದು ಪ್ರಲ್ಹಾದ ಹೊರಟ. ಎರಡು ಬಸ್ಸು ಬದಲಿಸಬೇಕಿತ್ತು. ದಾರಿಯಲ್ಲಿ, ಮಾಡಲು ಬೇರೆ ಕೆಲಸವಿಲ್ಲದೆ, ಮೊಬೈಲಿನಲ್ಲಿ ಆ ಬ್ಲಾಗನ್ನು ತೆರೆದ. ಮೊದಲ ಸಲ ಮೇಲಿನಿಂದ ಓದಿದ.

ಅದು ನೀಲಗಂಗವ್ವನ ಮಗಳು ಮಹಾನಂದಾಳ ನೋಟುಬುಕ್ಕು. ಅವಳು ಬೆಳಿಗ್ಗೆ ಊರ ಕೆರೆಗೆ ಹೋಗಿ ಅಂದು ಯಾವ ಹಕ್ಕಿ ಬಂದಿವೆ, ಎಷ್ಟು ಬಂದಿವೆ ಎಂದು ಬರೆಯುತ್ತಿದ್ದಳು. ಪಟ್ಟೆತಲೆಯ ಹೆಬ್ಬಾತು ಮುನ್ನೂರಕ್ಕೂ ಹೆಚ್ಚು ಎಂದು ಒಂದು ದಿನ. ದನ ನೀರಿಗೆ ಇಳಿದದ್ದರಿಂದ ಎಲ್ಲವೂ ಹಾರಿಹೋದವು ಎಂದು ಇನ್ನೊಂದು ದಿನ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ತಾಯಿ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುವುದನ್ನು ಕಲಿತು, ವಾರಕ್ಕೆ ಒಂದು ಪುಟದಂತೆ ಬ್ಲಾಗಿಗೆ ಏರಿಸಿದಳು.

ಪ್ರತಿ ಪುಟದ ಕೆಳಗೆ ಪ್ರಲ್ಹಾದನ ಮೆಚ್ಚುಗೆ ಇತ್ತು. ಬೇರೆ ಯಾರದೂ ಇರಲಿಲ್ಲ. ಪ್ರತಿ ಮೆಚ್ಚುಗೆಯ ಕೆಳಗೆ ತಾಯಿಯ ಉತ್ತರ ಇತ್ತು. 'ರೊಟ್ಟಿ ಅಂಗಡಿಯವರಿಗೆ ನಮಸ್ಕಾರ. ನೀವು ಓದಿದಿರಿ ಎಂದು ಸಂತೋಷವಾಯಿತು. ಇವಳು ನನ್ನ ಮಗಳು.' 'ರೊಟ್ಟಿ ಅಂಗಡಿಯವರೇ, ನಿಮ್ಮ ಊರಿನಲ್ಲಿಯೂ ಈ ಹಕ್ಕಿ ಬರುತ್ತದೆಯೇ?' 'ಎರಡು ವಾರ ಬರೆಯಲು ಆಗಲಿಲ್ಲ. ನೀವು ಕಾದಿರಬಹುದು. ತಪ್ಪು ತಿಳಿಯಬೇಡಿ.'

ನಲವತ್ತನೆಯ ಪುಟದಲ್ಲಿ ಮಹಾನಂದಾ ಎರಡೇ ಸಾಲು ಬರೆದಿದ್ದಳು. 'ಇಂದು ಕೆರೆಗೆ ಹೋಗಲಿಲ್ಲ. ಜ್ವರ ಇಳಿದಿಲ್ಲ.' ಅದರ ಕೆಳಗೆ ಪ್ರಲ್ಹಾದನ ವಾಕ್ಯ. 'ಇಂಥ ಬರಹ ಇನ್ನಷ್ಟು ಬರಲಿ.' ಅದರ ಕೆಳಗೆ ತಾಯಿ ಬರೆದಿದ್ದಳು. 'ಇನ್ನು ಇಲ್ಲ. ಇದೇ ಕೊನೆಯದು.'

ಪ್ರಲ್ಹಾದನಿಗೆ ಬಸ್ಸಿನಿಂದ ಇಳಿದು ವಾಪಸು ಹೋಗಬೇಕೆನಿಸಿತು. ಹೋಗಲಿಲ್ಲ.

ನೀಲಗಂಗವ್ವ ನೀರು ಕೊಟ್ಟಳು, ಉಪ್ಪಿಟ್ಟು ಕೊಟ್ಟಳು. ಅಷ್ಟು ದೂರದಿಂದ ಬಂದಿರಲ್ಲ ಎಂದಳು. ಆಮೇಲೆ, ಮಗಳ ಬರಹದಲ್ಲಿ ಯಾವುದು ಹಿಡಿಸಿತು ಎಂದು ಕೇಳಿದಳು. ಬಸ್ಸಿನಲ್ಲಿ ಓದಿದ್ದರಿಂದ ಅವನು ಯಾವುದಾದರೂ ಒಂದನ್ನು ಹೇಳಬಹುದಿತ್ತು. ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟ.

"ಅಕ್ಕೋರೆ, ಬರೆಯುವಾಗ ನಾನು ಒಂದನ್ನೂ ಓದಿರಲಿಲ್ಲ. ಅದು ನನಗೆ ಹೇಳಿದ ಕೆಲಸವಾಗಿತ್ತು."

"ಗೊತ್ತು ತಮ್ಮಾ. ಮೂವತ್ತೊಂಬತ್ತರವರೆಗೆ ನಂಬಿದ್ದೆ. ಕಡೆಯದನ್ನು ಓದಿದಾಗ ಗೊತ್ತಾಯಿತು."

ಗೊತ್ತಾದ ಮೇಲೂ ಉತ್ತರ ಏಕೆ ಬರೆದಿರಿ ಎಂದು ಅವನು ಕೇಳಿದ. ಬಂದವರನ್ನು ಮಾತಾಡಿಸದೆ ಕಳಿಸಲು ಮನಸ್ಸಾಗಲಿಲ್ಲ ಎಂದು ಅವಳು ಹೇಳಿದಳು. ಹೇಳಿ ಮೊಬೈಲನ್ನು ಅವನ ಕೈಗೆ ಕೊಟ್ಟಳು.

ಅವನ ಮಾತು ಅಳಿಸಿದರೆ ಅದರ ಕೆಳಗಿನ ಅವಳ ಉತ್ತರವೂ ಅಳಿದುಹೋಗುತ್ತಿತ್ತು. ಅದನ್ನು ಅವನು ಮೊದಲೇ ತಿಳಿಸಿದ. ತನ್ನವಷ್ಟೇ ಉಳಿದರೆ ಯಾರ ಜೊತೆ ಮಾತಾಡಿದಂತಾಯಿತು, ಎಲ್ಲವನ್ನೂ ತೆಗೆಯಿರಿ ಎಂದಳು. ಪ್ರಲ್ಹಾದ ಪ್ರತಿ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ಓದಿ ಆಮೇಲೆ ಅಳಿಸಿದ. ಅವಳು ಪಕ್ಕದಲ್ಲಿ ಕೂತು ಕಾಳು ಆರಿಸುತ್ತಿದ್ದಳು. ನಲವತ್ತು ಮುಗಿಯುವಾಗ ಬಿಸಿಲು ಇಳಿದಿತ್ತು.

ರೊಟ್ಟಿಯ ಸೈಟ್ ಐದು ತಿಂಗಳ ನಂತರ ಮತ್ತೆ ಕಾಣಿಸಿಕೊಂಡಿತು. ಈ ಸಲ ನಾಲ್ಕನೆಯ ಪುಟದಲ್ಲಿ. ಅಷ್ಟರೊಳಗೆ ಹೊಸದಾಗಿ ಬಂದಿದ್ದ ಆರು ಜನ ಹೆಂಗಸರೂ ಕೆಲಸ ಬಿಟ್ಟು ಹೋಗಿದ್ದರು. ವ್ಯಾಪಾರಿ ಪ್ರಲ್ಹಾದನನ್ನು ಬಿಡಿಸಲಿಲ್ಲ. ಆದರೆ ಅವನಿಗೆ ಯಾವ ಕೆಲಸವನ್ನೂ ಹೇಳುವುದನ್ನು ಬಿಟ್ಟ. ಪ್ರಲ್ಹಾದ ತಾನಾಗಿಯೇ ಆ ಕೆಲಸ ಬಿಟ್ಟು, ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡುವ ಅಂಗಡಿಗೆ ಸೇರಿಕೊಂಡ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಓದಿದ ಮೇಲಾದರೂ ಅವನು ಆ ಹುಡುಗಿಯ ಬರಹದ ಕೆಳಗೆ ತನ್ನ ಸ್ವಂತ ಹೆಸರಿನಲ್ಲಿ ಒಂದು ಮಾತು ಬರೆಯಲಿಲ್ಲವೇ ಎಂದು ನಾಗವೇಣಿ ಕೇಳಿದಳು.

"ಬರೆಯಲೆಂದೇ ಒಂದು ದಿನ ಆ ಬ್ಲಾಗಿಗೆ ಹೋದ, ಅಷ್ಟರಲ್ಲಿ ಆ ತಾಯಿ ಯಾರಿಗೋ ಹೇಳಿ, ಬಂದವರು ಬರೆಯುವ ಜಾಗವನ್ನೇ ಮುಚ್ಚಿಸಿದ್ದಳು."