ಎಲೆ ಊದುವ ಮಷಿನ್ನು

ಸಾಹೇಬರ ಬಂಗಲೆಯ ಸುತ್ತ ಬೇವಿನ ಮರಗಳು. ಉದುರಿದ ಎಲೆಯನ್ನೆಲ್ಲ ಗುಡಿಸಿ, ಹೊತ್ತು ಹಾಕುವವಳು ದುರುಗಮ್ಮ. ಆ ಕೂಲಿ ನಿಂತರೆ ಅವಳ ಒಲೆ ಉರಿಯದು.

ಒಂದು ದಿನ ಸಾಹೇಬರು ತೋಟದ ಮಾಲಿಯನ್ನು ಅಂಗಡಿಗೆ ಕರೆದೊಯ್ದರು. "ಎಲೆ ತೆಗೆಯೋಕೆ ಒಂದು ಕರೆಂಟಿನ ಮಷಿನ್ನು ಆರಿಸೋ. ಆ ಮುದುಕಿ ನಾಳೆಯಿಂದ ಬೇಡ."

ಮಾಲಿಗೆ ದುರುಗಮ್ಮನ ಒಲೆ ನೆನಪಾಯಿತು. ಅಂಗಡಿಯಲ್ಲಿ ಎಲೆಯನ್ನು ಚೀಲದೊಳಗೆ ಎಳೆದುಕೊಳ್ಳುವ ಮಷಿನ್ನಿತ್ತು, ಬರೀ ಊದುವ ಮಷಿನ್ನೂ ಇತ್ತು. ಅವನು ಊದುವುದನ್ನೇ ತೋರಿಸಿದ. "ಇದರ ಅಬ್ಬರ ಕೇಳಿ ಬುದ್ದಿ! ನಿಮ್ಮ ಅಂತಸ್ತಿಗೆ ಇದೇ ಸರಿ."

ಸಾಹೇಬರು ಉಬ್ಬಿಹೋದರು.

ಮರುದಿನ ಬೆಳಿಗ್ಗೆ ಮಾಲಿ ಮಷಿನ್ನು ಹಚ್ಚಿದ; ಅಂಗಳ ಕನ್ನಡಿಯಂತಾಯಿತು. ಎಲೆಯೆಲ್ಲ ಗಿಡ್ಡ ಗೋಡೆ ಹಾರಿ ಪಕ್ಕದ ಬಂಗಲೆಗೆ ಬಿತ್ತು. ಅಲ್ಲಿ ಕಾಫಿ ಕುಡಿಯುತ್ತಿದ್ದವರು ಸಾಹೇಬರ ಮೇಲಧಿಕಾರಿ. ತಲೆ ತುಂಬ ಬೇವಿನೆಲೆ ಹೊತ್ತೇ ಗೇಟಿಗೆ ಬಂದರು.

"ಯಾರೋ ಇದು ಮಾಡಿದ್ದು?"

ಮಾಲಿ ಕೈಮುಗಿದ. "ನಮ್ಮ ಸಾಹೇಬರ ಹೊಸ ಮಷಿನ್ನು ಸ್ವಾಮಿ. ಅದಕ್ಕೆ ಓಡಿಸೋದೊಂದೇ ಗೊತ್ತು. ಎತ್ತಿ ಹಾಕೋಳನ್ನ ನಿನ್ನೆ ಬಿಡಿಸಿಬಿಟ್ರು."

ಸಾಹೇಬರ ಮುಖ ಬಿಳಿಚಿತು. ಮಾಲಿಯ ಕಿವಿಯಲ್ಲಿ ಪಿಸುಗುಟ್ಟಿದರು: "ಓಡೋ, ಅವಳನ್ನ ಕರ್ಕೊಂಡು ಬಾ... ಅವಳ ಹೆಸರೇನೋ?"

ತಮ್ಮ ಅಂಗಳದಲ್ಲೇ ಸೊಂಟ ಮುರಿದುಕೊಂಡವಳ ಹೆಸರನ್ನು ಅವರು ಕೇಳಿದ್ದು ಅದೇ ಮೊದಲು.